ಅಕ್ಕನಾಗಮ್ಮನ ಕಾರಿನ ಕರಕರ

ಬಕ್ಕೇಶಪ್ಪ ಹರಿಹರ ರೈಲ್ವೆ ಸ್ಟೇಷನ್ನಿನ ಮುಂದೆ ಬಾಡಿಗೆ ಅಂಬಾಸಿಡರ್ ಓಡಿಸುತ್ತಿದ್ದವನು. ಎಪ್ಪತ್ತೆಂಟನೇ ಇಸವಿಯಲ್ಲಿ ಲಕ್ವ ಹೊಡೆದು, ಬಲಗೈ ಬಲಗಾಲು ಬಿದ್ದುಹೋಗಿ ಮನೆ ಹಿಡಿದ. ನೋಡಲು ಬಂದ ನೆಂಟರೆಲ್ಲ ಕಾರು ಮಾರಿಬಿಡಿ ಎಂದೇ ಹೇಳಿದರು. ಹೆಂಡತಿ ಅಕ್ಕನಾಗಮ್ಮ ಅವರಿಗೆಲ್ಲ ಚಹಾ ಕೊಟ್ಟು ಕಳಿಸಿದಳು. ಆಮೇಲೆ ಗಂಡನ ಗೆಳೆಯ ಹಿದಾಯತ್‌ನನ್ನು ಕರೆಸಿ, "ಅಣ್ಣಾ, ನಂಗೆ ಗಾಡಿ ಕಲಿಸಿಕೊಡ್ರಿ" ಅಂದಳು.

ತುಂಗಭದ್ರೆಯ ದಂಡೆಯ ಬಯಲಿನಲ್ಲಿ ಬೇಸಿಗೆಯಿಡೀ ಕಲಿತಳು. ಬಟ್ಟೆ ಒಗೆಯಲು ಬಂದ ಹೆಂಗಸರು ಕಲ್ಲಿನ ಮೇಲೆ ಬಟ್ಟೆ ಬಿಟ್ಟು ನಿಂತು ನೋಡುತ್ತಿದ್ದರು. ಲೈಸೆನ್ಸು ಕೈಗೆ ಬಂದ ಮೇಲೆ ಬೆಳಿಗ್ಗೆ ದಾವಣಗೆರೆಯ ಶಾಲೆಗೆ ಹೋಗುವ ಟೀಚರಮ್ಮಗಳನ್ನು ಕರೆದೊಯ್ಯುವುದು, ಮಧ್ಯಾಹ್ನ ಬಂದ ಬಾಡಿಗೆ ಓಡಿಸುವುದು, ಹೀಗೆ ಸಂಸಾರ ನಡೆಯಿತು. ಹೆರಿಗೆಗೆ ದಾವಣಗೆರೆ ಆಸ್ಪತ್ರೆಗೆ ಹೋಗುವವರಂತೂ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ನಾಲ್ಕು ವರ್ಷದ ಹೊತ್ತಿಗೆ ಗೇರ್ ಬಾಕ್ಸ್ ಕೈಕೊಟ್ಟಿತು. ಪಿ.ಬಿ. ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ ಜಮಾಲ್ ಸಾಬ್, ಅಪಘಾತವಾಗಿ ಮೂಲೆ ಸೇರಿದ್ದ ಇನ್ನೊಂದು ಅಂಬಾಸಿಡರಿನದನ್ನು ಬಿಚ್ಚಿ ಇದಕ್ಕೆ ಕೂಡಿಸಿದ. ಗೇರು ಹೂವೆತ್ತಿದ ಹಾಗೆ ಬೀಳತೊಡಗಿತು. ಆದರೆ ಕಾರು ಚಾಲೂ ಮಾಡಲು ಗುಂಡಿ ಒತ್ತಿದರೆ ಮಾತ್ರ ಕಲ್ಲು ಹಾಕಿ ಗಿರಣಿ ಆಡಿಸಿದಂಥ ಕರಕರ ಸದ್ದು. ಓಣಿಯ ನಾಯಿಗಳೆಲ್ಲ ಎದ್ದು ಓಡುತ್ತಿದ್ದವು.

"ಸ್ಟಾರ್ಟರ್ ಹಳೇದಾಗೈತೆ ಅಕ್ಕಾ," ಎಂದು ಜಮಾಲ್ ಸಾಬ್ ಅದರೊಳಗಿನ ಬುಷ್ ಬಳೆ ಬದಲಿಸಿದ. ಸದ್ದು ಹೋಗಲಿಲ್ಲ. ಬೇರೆ ಸ್ಟಾರ್ಟರನ್ನೇ ಹಾಕಿ ನೋಡಿದ, ಆಗಲೂ ಹೋಗಲಿಲ್ಲ. ಕಡೆಗೆ, "ನೀವು ಗುಂಡಿ ಭಾಳ ಹೊತ್ತು ಒತ್ತಿ ಹಿಡೀತೀರಿ, ಅದಕ್ಕ" ಅಂದುಬಿಟ್ಟ.

ಮನೆಗೆ ಬಂದರೆ ಬಕ್ಕೇಶಪ್ಪನೂ ಜಗುಲಿಯ ಮೇಲಿಂದ ತೊದಲುತ್ತ ಅದನ್ನೇ ಹೇಳಿದ. "ನನ್ ಕೈಯಾಗೆ ಇದ್ದಾಗ... ಹಿಂಗೆ ಅರಚ್ತಿರಲಿಲ್ಲ."

ಅಕ್ಕನಾಗಮ್ಮ ಒಳಗೆ ಹೋಗಿ ಒಲೆ ಹಚ್ಚಿದಳು. ಅಂದು ರೊಟ್ಟಿ ತಟ್ಟಿದ ಸದ್ದು ಪಕ್ಕದ ಮನೆಗೂ ಕೇಳಿತು.

ಹದಿನೈದು ದಿನವೂ ಆಗಿರಲಿಲ್ಲ, ಅದೇ ಓಣಿಯ ಕೆಂಚಣ್ಣನ ಸೊಸೆಗೆ ಹೆರಿಗೆ ನೋವು ಶುರುವಾಯಿತು. ಹುಡುಗಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಗುಂಡಿ ಒತ್ತಿದರೆ ಕರ್ರೆಂದು ಹಲ್ಲು ಕಡಿದಂತಾಯಿತೇ ಹೊರತು ಎಂಜಿನ್ ತಿರುಗಲಿಲ್ಲ. ಮತ್ತೆ ಒತ್ತಿದಳು, ಮತ್ತೆ ಅದೇ. ಹಿಂದೆ ಹುಡುಗಿ "ಯವ್ವಾ" ಎಂದು ಚೀರಿದಳು. ಕೆಂಚಣ್ಣ, ಅವನ ಮಗ, ಬೀದಿಯಲ್ಲಿ ಹೋಗುತ್ತಿದ್ದವರು ಸೇರಿ ತಳ್ಳಿದರು. ಇಳಿಜಾರಿನಲ್ಲಿ ಅಕ್ಕನಾಗಮ್ಮ ಎರಡನೇ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟಾಗ ಕಾರು ಮುಗ್ಗರಿಸಿ ಚಾಲೂ ಆಯಿತು. ಆಸ್ಪತ್ರೆ ಬಾಗಿಲಲ್ಲೂ ಎಂಜಿನ್ ಆರಿಸುವ ಧೈರ್ಯ ಅವಳಿಗಿರಲಿಲ್ಲ. ಹೆರಿಗೆ ಸುಸೂತ್ರ ಆಯಿತು. ಆದರೆ ಹರಿಹರ ಮುಟ್ಟುವವರೆಗೂ ಅವಳು ದಾರಿಯಲ್ಲಿ ಎಲ್ಲೂ ಕಾರು ನಿಲ್ಲಿಸಲಿಲ್ಲ.

ಮರುದಿನ ಬೆಳಿಗ್ಗೆ ಓಣಿಯವರಿಂದ ತಳ್ಳಿಸಿ ಚಾಲೂ ಮಾಡಿಕೊಂಡು, ಕಾರನ್ನು ನೇರ ಗ್ಯಾರೇಜಿಗೆ ತಂದು ನಿಲ್ಲಿಸಿದಳು.

"ಸಾಬ್ರೆ, ಇವತ್ತು ನಾನು ಒತ್ತಲ್ಲ. ನೀವೇ ಒತ್ರಿ."

ಜಮಾಲ್ ಸಾಬ್ ನಗುತ್ತ ಕೂತು ಗುಂಡಿ ಮುಟ್ಟಿ ಬಿಟ್ಟ. ಕರ್ರೆಂದಿತು. ಮತ್ತೊಮ್ಮೆ ಒತ್ತಿದ. ಈ ಸಲ ಅವನು ನಗಲಿಲ್ಲ.

"ನನ್ನ ಕೈ ತಪ್ಪಲ್ಲ ಇದು," ಅಂದಳು ಅಕ್ಕನಾಗಮ್ಮ. "ಗೇರ್ ಬಾಕ್ಸ್ ಹಾಕೋಕಿಂತ ಮುಂಚೆ ಇರಲಿಲ್ಲ, ಹಾಕಿದ ಮ್ಯಾಲೆ ಬಂದೈತೆ. ಅಲ್ಲೇ ಏನೋ ಐತೆ."

"ಮತ್ತೆ ಅದನ್ನ ಇಳಿಸೋದು ಅಂದ್ರೆ ಆಟ ಅಲ್ಲಕ್ಕ. ಇಡೀ ದಿನದ ಕೆಲಸ."

"ಆಗಲಿ. ನಾನು ಇಲ್ಲೇ ಕೂಡ್ತೀನಿ. ನಿನ್ನೆ ಆ ಹುಡುಗಿಗೆ ಏನಾರ ಆಗಿದ್ರೆ ನಾನೇನು ಮಾಡ್ಬೇಕಿತ್ತು, ಹೇಳ್ರಿ."

ಜಮಾಲ್ ಸಾಬ್ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. ಆಮೇಲೆ, "ಕಾಡಿಗೆ ಐತೇನು ನಿಮ್ಮತ್ರ?" ಎಂದು ಕೇಳಿದ.

ಚೀಲದಿಂದ ಕಾಡಿಗೆ ಡಬ್ಬಿ ತೆಗೆದು ಕೊಟ್ಟಳು. ಗುಂಡಿ ಒತ್ತಿದಾಗ ಸ್ಟಾರ್ಟರಿನ ಪುಟ್ಟ ಹಲ್ಲುಗಾಲಿ ಮುಂದೆ ಜಿಗಿದು ಎಂಜಿನ್ನಿನ ದೊಡ್ಡ ಗಾಲಿಯ ಹಲ್ಲು ಹಿಡಿದು ತಿರುಗಿಸುತ್ತದೆ. ಜಮಾಲ್ ಸಾಬ್ ಸ್ಟಾರ್ಟರ್ ಬಿಚ್ಚಿ, ಆ ಪುಟ್ಟ ಗಾಲಿಗೆ ಕಾಡಿಗೆ ಬಳಿದು, ಮತ್ತೆ ಕೂಡಿಸಿ ಗುಂಡಿ ಒತ್ತಿದ. ಬಿಚ್ಚಿ ಬಿಸಿಲಿಗೆ ಹಿಡಿದು ಇಬ್ಬರೂ ಬಗ್ಗಿ ನೋಡಿದರು. ಹಲ್ಲಿಗೆ ಹಲ್ಲು ಸರಿಯಾಗಿ ಕೂಡಿದ್ದರೆ ಕಾಡಿಗೆ ಮೈತುಂಬ ಅಳಿಸಬೇಕಿತ್ತು. ಇಲ್ಲಿ ತುದಿಯಲ್ಲಿ, ಒಂದು ಅಂಚಿನಲ್ಲಷ್ಟೇ ಉಜ್ಜಿಹೋಗಿತ್ತು.

"ಓರೆ ಕುಂತೈತೆ," ಅಂದ ಜಮಾಲ್ ಸಾಬ್ ಮೆಲ್ಲಗೆ. ಸ್ಟಾರ್ಟರ್ ಕೂರುವುದು ಗೇರ್ ಬಾಕ್ಸಿನ ಮುಂದಿನ ಕವಚದ ಮೇಲೆ. ಕವಚ ಕೂದಲೆಳೆಯಷ್ಟು ಸರಿದರೂ ಸ್ಟಾರ್ಟರ್ ಅದರ ಜೊತೆಗೇ ಸರಿಯುತ್ತದೆ.

ಸ್ಪ್ಯಾನರ್ ಹಿಡಿದು ಕಾರಿನಡಿ ನುಗ್ಗಿದ. ಅಕ್ಕನಾಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೋಲ್ಟುಗಳನ್ನು ಒಂದೊಂದಾಗಿ ಈಸಿಕೊಂಡು ತಟ್ಟೆಗೆ ಹಾಕಿದಳು. ರಸ್ತೆಯಲ್ಲಿ ಹೋಗುವ ಲಾರಿಯವರು ಇಣುಕಿ ನೋಡಿದರು. ನೋಡಲಿ ಎಂದುಕೊಂಡಳು. ಗೇರ್ ಬಾಕ್ಸ್ ನೆಲಕ್ಕಿಳಿದಾಗ ಊಟದ ಹೊತ್ತು ಮೀರಿತ್ತು. ಎಂಜಿನ್ನಿಗೂ ಕವಚಕ್ಕೂ ನಡುವೆ ಸರಿಯದಂತೆ ಹಿಡಿದು ಕೂರಿಸಬೇಕಾದ ಎರಡು ಉಕ್ಕಿನ ಗೂಟಗಳ ಜಾಗದಲ್ಲಿ ಬರೀ ತೂತಿದ್ದವು. ಜಮಾಲ್ ಸಾಬ್ ಶೆಡ್ಡಿನ ಮೂಲೆಗೆ ಹೋಗಿ, ಬಿಸಾಕಿದ್ದ ಅವಳ ಹಳೆಯ ಗೇರ್ ಬಾಕ್ಸನ್ನು ಹೊರಳಿಸಿದ. ಎರಡೂ ಅದರಲ್ಲೇ ಸಿಕ್ಕಿಕೊಂಡಿದ್ದವು.

"ಇವನ್ನ ಬಿಡಿಸಿ ಹಾಕೋದು ಮರೆತೆ ಅಕ್ಕಾ. ತಪ್ಪು ನಂದು. ನಿಮ್ಮ ಕೈ ಮ್ಯಾಲೆ ಹಾಕಿದ್ನಲ್ಲ, ಅದು ಇನ್ನೂ ದೊಡ್ಡ ತಪ್ಪು."

"ಈಗ ಸಿಕ್ತಲ್ಲ, ಹಾಕ್ರಿ ಮತ್ತೆ," ಅಂದಳು. ಬೋಲ್ಟಿನ ತಟ್ಟೆಯನ್ನು ಅವನ ಕಡೆ ಸರಿಸಿದಳು.

ಹೊತ್ತು ಇಳಿಯುವ ಮುಂಚೆ ಎಲ್ಲ ಕೂಡಿಸಿ ಮುಗಿಯಿತು. ಗುಂಡಿ ಮುಟ್ಟಿದಳು. ಎಂಜಿನ್ ಒಂದೇ ಉಸಿರಿಗೆ ಎದ್ದಿತು.

ಮನೆ ಮುಂದೆ ಕಾರು ಆರಿಸಿ, ಗಂಡನ ಮುಖ ನೋಡುತ್ತ ಮತ್ತೆ ಚಾಲೂ ಮಾಡಿದಳು. ಗೂಟದ ಕತೆ ಹೇಳಿದಳು. ಬಕ್ಕೇಶಪ್ಪ ಕಿವಿಯಾನಿಸಿ ಕೇಳಿದ. ಆಮೇಲೆ, "ಸುಮ್ನೆ ನಿನ್ನ ಅಂದೆ" ಅಂದ.

"ಅಂದ್ರಿ. ನಂಗೂ ಸಿಟ್ಟು ಬಂದಿತ್ತು," ಅಂದಳು ಅಕ್ಕನಾಗಮ್ಮ.

ಮುಂದಿನ ಭಾನುವಾರ ಅವನು ತಾನಾಗಿಯೇ ಕಾರು ಹತ್ತಬೇಕೆಂದ. ಹಿದಾಯತ್ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ. ಮಲಗಿದಂದಿನಿಂದ ಓಣಿ ದಾಟದಿದ್ದ ಬಕ್ಕೇಶಪ್ಪನನ್ನು ಅವಳು ತುಂಗಭದ್ರೆಯ ಸೇತುವೆ ದಾಟಿಸಿ ಸುತ್ತಾಡಿಸಿದಳು. ದಾರಿಯುದ್ದಕ್ಕೂ ಅವನು "ನಿಧಾನ, ನಿಧಾನ" ಎನ್ನುತ್ತಲೇ ಇದ್ದ. ಅವಳು ತನಗೆ ಬೇಕಾದಷ್ಟು ಜೋರಾಗಿಯೇ ಓಡಿಸಿದಳು.