ಕಾಲು ಅಲ್ಲಾಡಿಸುವ ಚಾಳಿ

ಕೂತಲ್ಲಿ ಕಾಲು ಅಲ್ಲಾಡಿಸುವುದು ನನ್ನ ಚಾಳಿ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಅಪ್ಪ ಮಗ್ಗಕ್ಕೆ ಕೂತರೆ ಸಾಕು, ಅದರ ಸದ್ದಿಗೆ ನನ್ನ ಪಾದ ತಾನಾಗಿಯೇ ಕುಣಿಯುತ್ತಿತ್ತು. ನೂಲು ಸುತ್ತುತ್ತಿದ್ದ ಅಜ್ಜಿ ರಾಟೆ ಬಿಟ್ಟು ಎದ್ದು ಬಂದು ಪಾದಕ್ಕೆ ಚಟೀರನೆ ಹೊಡೆಯುತ್ತಿದ್ದಳು. "ಮನೆಗೆ ದರಿದ್ರ ಬರ್ತದೆ ಕಣೇ ಮೂದೇವಿ! ನಿಲ್ಸು!" ನಿಲ್ಲಿಸುತ್ತಿದ್ದೆ. ಅವಳು ಬೆನ್ನು ತಿರುಗಿಸಿದೊಡನೆ ಮತ್ತೆ ಶುರು.

ನನ್ನ ಬೆನ್ನಿನ ವಿಷಯ ಮೊದಲು ಗೊತ್ತಾದದ್ದೂ ಅವಳ ಕೈಗೇ. ನನಗೆ ಹದಿಮೂರು ತುಂಬಿದ ವರ್ಷ, ಯುಗಾದಿಯ ಎಣ್ಣೆ ಸ್ನಾನದಲ್ಲಿ ಬೆನ್ನು ತಿಕ್ಕುತ್ತಿದ್ದವಳು ಥಟ್ಟನೆ ಕೈ ನಿಲ್ಲಿಸಿದಳು. "ನೆಟ್ಟಗೆ ಕೂತ್ಕೊಳೇ" ಅಂದಳು. ನಾನು ನೆಟ್ಟಗೇ ಕೂತಿದ್ದೆ. ಒಂದೇ ಸೊಂಟದಲ್ಲಿ ಬಿಂದಿಗೆ ಹೊತ್ತು ಹೀಗಾಯಿತೆಂದು ನನ್ನನ್ನೂ ಅಮ್ಮನನ್ನೂ ಸೇರಿಸಿ ಬೈದಳು. ವರ್ಷ ಕಳೆಯುವಷ್ಟರಲ್ಲಿ ಒಂದು ಭುಜ ಮೇಲೆದ್ದಿತ್ತು, ಲಂಗದ ಅಂಚು ಒಂದು ಕಡೆ ಏರಿತ್ತು, ನಾಲ್ಕು ಹೆಜ್ಜೆ ಓಡಿದರೆ ಏದುಸಿರು.

ಬೆಂಗಳೂರಿನ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು. "ಬಿಂದಿಗೆಯಿಂದ ಆದದ್ದಲ್ಲಮ್ಮ, ಬೆಳೆಯೋ ವಯಸ್ಸಲ್ಲಿ ಕೆಲವರಿಗೆ ಬೆನ್ನುಮೂಳೆ ಹೀಗೆ ಡೊಂಕಾಗುತ್ತೆ. ಬೆನ್ನಿಗೆ ಉಕ್ಕಿನ ಸರಳು ಹಾಕಿ, ಸೊಂಟದಿಂದ ಸ್ವಲ್ಪ ಮೂಳೆ ತೆಗೆದು ಬೆನ್ನುಮೂಳೆಗೆ ಸೇರಿಸ್ತೀವಿ. ಎಲ್ಲ ಬೆಸೆದುಕೊಳ್ಳೋವರೆಗೂ ತಿಂಗಳುಗಟ್ಟಲೆ ಪ್ಲಾಸ್ಟರ್ ಇರುತ್ತೆ." ಎಪ್ಪತ್ತರ ದಶಕದಲ್ಲಿ ಇಂಥ ಆಪರೇಷನ್ ನಮ್ಮ ಕಡೆ ಯಾರೂ ಕೇಳಿರಲಿಲ್ಲ. ಡಾಕ್ಟರು ಅಪ್ಪನ ಕಡೆ ತಿರುಗಿ ದನಿ ತಗ್ಗಿಸಿದರು. "ನರಕ್ಕೆ ಪೆಟ್ಟಾದರೆ ಕಾಲು ಹೋಗಬಹುದು. ಅಪರೂಪ. ಆದ್ರೆ ಹೇಳದೆ ಇರೋಕಾಗಲ್ಲ."

ದನಿ ತಗ್ಗಿಸಿದರೆ ನನಗೇನು ಕಿವಿ ಇರಲಿಲ್ಲವೇ? ವಾಪಸು ಬರುವಾಗ ಬಸ್ಸಿನುದ್ದಕ್ಕೂ ನನ್ನ ಪಾದಗಳನ್ನೇ ನೋಡುತ್ತಾ ಬಂದೆ. ವಿಚಿತ್ರವೆಂದರೆ ಅಂದಿನಿಂದ ಕಾಲು ಅಲ್ಲಾಡಿಸುವುದೇ ನಿಂತುಹೋಯಿತು. ಅಜ್ಜಿ ಅದನ್ನು ಗಮನಿಸಿದಳು.

ಆಪರೇಷನ್ ದಿನ ಡಾಕ್ಟರು, "ಎಚ್ಚರ ಆದ ತಕ್ಷಣ ಕಾಲ್ಬೆರಳು ಅಲ್ಲಾಡಿಸು ಅಂತೀನಿ. ಮರೀಬೇಡ" ಅಂದರು.

ಮರೆಯುವ ಮಾತೇ ಅದು! ಎಚ್ಚರವಾದಾಗ ಬೆನ್ನಿಗೆ ಕೆಂಡ ಸುರಿದಂಥ ಉರಿ. ಸೊಂಟದಿಂದ ಕೆಳಗೆ ಏನಿದೆಯೋ ಏನಿಲ್ಲವೋ ತಿಳಿಯದು. ತಲೆ ಎತ್ತಿ ನೋಡುವಂತಿಲ್ಲ. "ಬೆರಳು ಅಲ್ಲಾಡಿಸಮ್ಮ" ಎಂದ ಡಾಕ್ಟರ ದನಿ ಚೆನ್ನಾಗಿಯೇ ಕೇಳಿಸಿತು. ನಾನು ಕಣ್ಣು ಮುಚ್ಚಿ ನಿದ್ದೆಯಲ್ಲಿದ್ದವಳಂತೆ ಬಿದ್ದುಕೊಂಡೆ. ಅಲ್ಲಾಡಿಸಲು ಹೋಗಿ ಅಲ್ಲಾಡದಿದ್ದರೆ? ಸುಮ್ಮನಿದ್ದಷ್ಟು ಹೊತ್ತು ಕಾಲು ಇನ್ನೂ ನನ್ನದೇ. ನರ್ಸ್ ಕೂಗಿದಳು, ಅಮ್ಮ ಕೆನ್ನೆ ತಟ್ಟಿದಳು. ನಾನು ಮಿಸುಕಲಿಲ್ಲ. ಅಷ್ಟು ಹೆದರಿಕೆ ಮತ್ತೆಂದೂ ನನಗಾಗಿಲ್ಲ.

ಕೊನೆಗೆ ಅಜ್ಜಿಯನ್ನು ಒಳಗೆ ಬಿಟ್ಟರು. ರಾಟೆ ತಿರುಗಿಸಿ ಒರಟಾದ ಅಂಗೈ ನನ್ನ ಹಣೆ ಮೇಲೆ ಬಂತು.

"ಅಲ್ಲಾಡಿಸೇ ನನ್ನವ್ವ," ಅಂದಳು. "ಯಾವ ದರಿದ್ರ ಬಂದ್ರೂ ಬರ್ಲಿ. ಕಾಲಲ್ಲಾಡಿಸೇ."

ಅವಳು ಅಳುತ್ತಿದ್ದಳು. ಅವಳು ಅತ್ತದ್ದನ್ನು ನಾನು ಅದುವರೆಗೆ ಕೇಳಿದ್ದೇ ಇರಲಿಲ್ಲ. ಹಲ್ಲು ಕಚ್ಚಿ ಅಲ್ಲಾಡಿಸಿದೆ. ಅಲ್ಲಾಡಿತೋ ಇಲ್ಲವೋ ಗೊತ್ತಾಗಲಿಲ್ಲ. ಯಾರೂ ಮಾತಾಡಲಿಲ್ಲ. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಅಷ್ಟರಲ್ಲಿ ಪಾದದ ಮೇಲೆ ಚಟೀರನೆ ಒಂದೇಟು ಬಿತ್ತು. ಚುರ್ ಎಂದಿತು.

"ಏನಜ್ಜಿ ಇದು!" ಎಂದು ಡಾಕ್ಟರು ಗದರಿದರು. ಅಜ್ಜಿ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗೊಳೋ ಎಂದು ಅತ್ತಳು. ನಾನು ಅಲ್ಲಾಡಿಸುತ್ತಲೇ ಇದ್ದೆ.