ಜಲಜಕ್ಕನ ಕರಿಮಣಿ, ನನ್ನ ಬಾಯಿ

ಮರುಭೂಮಿಯ ದೇಶದಲ್ಲಿ ಕೆಲಸಕ್ಕೆ ಸೇರಿ ನಾನು ಮೊದಲು ಕೊಂಡದ್ದು ಒಂದು ಸ್ವೆಟರ್. ಹೊರಗೆ ಜೂನ್ ತಿಂಗಳ ಬಿಸಿಲಿಗೆ ಚಪ್ಪಲಿಯೊಳಗಿನ ಪಾದವೂ ಸುಡುತ್ತಿತ್ತು. ಒಳಗೆ, ಕಚೇರಿಯಲ್ಲಿ, ಏಸಿಯ ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಅದಕ್ಕಿಂತ ವಿಚಿತ್ರ ಅಲ್ಲಿ ಕಾಯುತ್ತಿದ್ದ ಜನ. ಉಡುಪಿಯ ಕೋರ್ಟಿನ ಜಗಲಿಯಲ್ಲಿ ಹೆಸರು ಕೂಗುವವನ ಗಂಟಲು ರಸ್ತೆಯವರೆಗೆ ಕೇಳುತ್ತದೆ. ಸಾಕ್ಷಿ ಹೇಳುವವಳ ಜೊತೆ ಅತ್ತೆ, ಮಾವ, ಪಕ್ಕದ ಮನೆಯವರು ಸೇರಿ ಒಂದು ರಿಕ್ಷಾ ತುಂಬ ಜನ ಬಂದಿರುತ್ತಾರೆ. ಇಲ್ಲಿ ಕೈಯಲ್ಲೊಂದು ನಂಬರಿನ ಚೀಟಿ ಹಿಡಿದು ಒಬ್ಬೊಬ್ಬರೇ ಕೂತಿದ್ದರು. ಯಾರೂ ಯಾರ ಕಡೆಗೂ ನೋಡುತ್ತಿರಲಿಲ್ಲ.

ಈ ಕಚೇರಿಗೆ ಅರಬಿಯಲ್ಲಿ ‘ನಿಯಾಬಾ’ ಅನ್ನುತ್ತಾರೆ. ಅಪರಾಧದ ಪ್ರಕರಣಗಳನ್ನು ವಿಚಾರಿಸಿ ಕೋರ್ಟಿಗೆ ಒಯ್ಯುವ ಸರಕಾರಿ ವಕೀಲರ ಜಾಗ. ಅನ್ಯಾಯಕ್ಕೊಳಗಾಗಿ ಬಂದವರ, ಸಾಕ್ಷಿ ಹೇಳಲು ಬಂದವರ ಜೊತೆಗಿರುವುದು ನನ್ನ ಕೆಲಸ. ಒಳಗೆ ಏನು ನಡೆಯುತ್ತದೆ, ಯಾರು ಎಲ್ಲಿ ಕೂರುತ್ತಾರೆ ಅಂತ ಮೊದಲೇ ತಿಳಿಸಬೇಕು, ನೀರು ಕೊಡಬೇಕು, ಅತ್ತರೆ ಕಾಗದದ ಕರವಸ್ತ್ರ ಕೊಡಬೇಕು. ಊರಿನಲ್ಲಿ ಒಂಬತ್ತು ವರ್ಷ ಮಹಿಳೆಯರ ಸಹಾಯ ಕೇಂದ್ರವೊಂದರಲ್ಲಿ ಇದ್ದೆ. ನನ್ನವರಿಗೆ ದೋಹಾದಲ್ಲಿ ಕೆಲಸವಾದಾಗ ಜೊತೆಗೆ ಬಂದು, ನಾಲ್ಕು ವರ್ಷ ಅರಬಿ ಕಲಿತು ಈ ಕುರ್ಚಿ ಹಿಡಿದೆ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದ ಶಿರ್ವದ ಹುಡುಗಿಗೆ ಇನ್ನೊಂದು ಭಾಷೆ ಭಾರವಾಗುವುದಿಲ್ಲ ಅಂದುಕೊಂಡಿದ್ದೆ. ಭಾರವಾಯಿತು. ಗಂಟಲಿನ ಆಳದಿಂದ ಬರಬೇಕಾದ ಅಕ್ಷರಗಳನ್ನು ನಾನು ಬಾತ್‌ರೂಮಿನಲ್ಲಿ ಅಭ್ಯಾಸ ಮಾಡುತ್ತಿದ್ದರೆ ನನ್ನವರು ಹೊರಗಿನಿಂದ ಶುಂಠಿ ಕಷಾಯ ಬೇಕಾ ಅಂತ ಕೇಳುತ್ತಿದ್ದರು.

ಮನೆ ಐನ್ ಖಾಲಿದ್‌ನಲ್ಲಿ. ಮನೆ ಅನ್ನುವುದು ದೊಡ್ಡ ಮಾತು. ಒಂದು ವಿಲ್ಲಾವನ್ನು ಕಲ್ಲಂಗಡಿಯ ಹಾಗೆ ಹೋಳು ಮಾಡಿ ಆರು ಸಂಸಾರಕ್ಕೆ ಕೊಟ್ಟಿದ್ದಾರೆ, ಅದರಲ್ಲೊಂದು ಹೋಳು ನಮ್ಮದು. ಮೊದಲ ವರ್ಷ ಮಧ್ಯಾಹ್ನಗಳಲ್ಲಿ ಮಾತಾಡಲು ಜನರಿಲ್ಲದೆ ಫ್ರಿಜ್ಜಿನ ಜೊತೆ ತುಳು ಮಾತಾಡಿದ್ದೇನೆ. ಈಗ ಹಾಗಿಲ್ಲ. ಬೂತಾಯಿ ಮೀನು ಸಿಗುವ ಅಂಗಡಿ ಗೊತ್ತು, ಕುಚ್ಚಲಕ್ಕಿ ಗೊತ್ತು, ಮುಶೈರಿಬ್‌ನಲ್ಲಿ ಮೆಟ್ರೋ ಬದಲಿಸುವಾಗ ಬೋರ್ಡು ನೋಡುವುದಿಲ್ಲ. ಇಷ್ಟು ಸಾಕು, ಸುಖವಾಗಿದ್ದೇನೆ ಅಂತ ಹೇಳಲು ನನಗೆ ಸಂಕೋಚವಿಲ್ಲ.

ನನ್ನ ಮೇಲಧಿಕಾರಿ ಆಮ್ನಾ, ಸುಡಾನಿನ ಹೆಂಗಸು. ನಾನು ತಂದ ಅಕ್ಕಿಯ ಪುಂಡಿ ಕಡುಬನ್ನು ಅವರೂ ಅವರು ತಂದ ಬೆಂಡೆಕಾಯಿ ಸಾರನ್ನು ನಾನೂ ಹಂಚಿಕೊಂಡು ತಿನ್ನುತ್ತೇವೆ. ಮೊದಲ ದಿನವೇ ಅವರು ಎರಡು ನಿಯಮ ಹೇಳಿದ್ದರು. ಸಾಕ್ಷಿಗೆ ಏನು ಹೇಳಬೇಕೆಂದು ಹೇಳಿಕೊಡಬಾರದು. ಅವರ ಬಟ್ಟೆ, ಗಾಯ, ವಸ್ತು ಯಾವುದರ ಬಗೆಗೂ ಸಲಹೆ ಕೊಡಬಾರದು, ಹೇಗಿದ್ದಾರೋ ಹಾಗೆ ಬರಲಿ. “ಖಲಾಸ್, ಇಷ್ಟೇ,” ಅಂದಿದ್ದರು. ಇಷ್ಟೇ ನಿಯಮ, ಇದನ್ನೂ ನಾನು ಮುರಿದೆ.

ಜಲಜಕ್ಕ ಪಡುಬಿದ್ರಿ ಕಡೆಯವರು, ಐವತ್ತು ದಾಟಿದ ಹೆಂಗಸು. ಅಲ್ ವಕ್ರಾದಲ್ಲಿ ಅಬಾಯಾ, ಅಂದರೆ ಹೆಂಗಸರ ಕಪ್ಪು ನಿಲುವಂಗಿ, ಹೊಲಿಯುವ ಅಂಗಡಿಯಲ್ಲಿ ಅವರಿಗೆ ಮಣಿ, ಕಲ್ಲು ಕೂರಿಸುವ ಕೈಕೆಲಸ. ಒಂದು ಸಂಜೆ ಅಂಗಡಿಯ ಮೆಟ್ಟಿಲಲ್ಲಿ ಒಬ್ಬ ಅವರನ್ನು ತಳ್ಳಿ ಕುತ್ತಿಗೆಯ ಕರಿಮಣಿ ಸರ ಕಿತ್ತುಕೊಂಡು ಓಡಿದ್ದ. ಪೊಲೀಸರು ಅವನನ್ನು ಹಿಡಿದಾಗ ಅವನ ಬಳಿ ಮೂರು ಸರ ಸಿಕ್ಕಿದವು. ಮೂರೂ ತನ್ನ ಮನೆಯವರದೇ ಅಂತ ಅವನ ವಾದ. ಮೊದಲ ಹೇಳಿಕೆಗೆ ಬಂದ ದಿನ ಜಲಜಕ್ಕ ಸ್ಪಷ್ಟವಾಗಿ ಹೇಳಿದ್ದರು, ನನ್ನ ಹತ್ತಿರ ಇದ್ದದ್ದು ಅದೊಂದೇ ಕರಿಮಣಿ. ಈಗ ಊರಿನಲ್ಲಿ ಪಕ್ಷವಾತವಾಗಿ ಮಲಗಿರುವ ಗಂಡ ಕಟ್ಟಿದ್ದು.

ಅವತ್ತು ಅವರನ್ನು ಬಾಗಿಲವರೆಗೆ ಬಿಡುವಾಗ ನನ್ನ ಕಣ್ಣು ಆ ಬೋಳು ಕುತ್ತಿಗೆಯ ಮೇಲೆ ನಿಂತಿತು. ನಮ್ಮ ಕಡೆ ಹಿಂದೂಗಳಾಗಲಿ, ನಮ್ಮಂಥ ಕ್ರೈಸ್ತರಾಗಲಿ, ಮದುವೆಯಾದವಳ ಕುತ್ತಿಗೆಯಲ್ಲಿ ಕರಿಮಣಿ ಇರಲೇಬೇಕು. ಅದಿಲ್ಲದವಳನ್ನು ನೋಡಿದರೆ ಜನ ಮೊದಲು ಕೇಳುವುದೇ ಗಂಡನ ವಿಷಯ. ಬಾಯಿಗೆ ಬಂದದ್ದನ್ನು ತುಳುವಿನಲ್ಲಿ ಅಂದುಬಿಟ್ಟೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ:

“ಜಲಜಕ್ಕ, ಹೀಗೆ ಬೋಳು ಕುತ್ತಿಗೆಯಲ್ಲಿ ತಿರುಗುವುದಾ? ಎಂತಾದರೂ ಹಾಕಿಕೊಳ್ಳಿ ಮಾರಾಯ್ರೆ.”

“ಹೌದು ಬಾಯಮ್ಮ, ನನಗೂ ಅದೇ ಬೇಜಾರು,” ಅಂದರು. ಕರಾವಳಿಯಲ್ಲಿ ಕ್ರೈಸ್ತರ ಹೆಂಗಸರನ್ನು ಹೀಗೆ ಕರೆಯುತ್ತಾರೆ. ದೋಹಾದಲ್ಲಿ ಆ ಹೆಸರು ಕೇಳಿ ನನಗೆ ಖುಷಿಯಾಯಿತು, ನಿಯಮ ಮರೆತುಹೋಯಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಎರಡನೇ ಸಲ ಅವರನ್ನು ಕರೆದದ್ದು ಸರ ಗುರುತಿಸಲು. ಬಿಳಿ ತೋಬ್ ನಿಲುವಂಗಿ ಧರಿಸಿದ ಸರಕಾರಿ ವಕೀಲರು, ಮೃದು ಮಾತಿನ ಯುವಕ, ಕಡತದಿಂದ ತಲೆ ಎತ್ತಿ ಜಲಜಕ್ಕನನ್ನು ನೋಡಿದರು. ಅವರ ಕುತ್ತಿಗೆಯಲ್ಲಿ ಕರಿಮಣಿ ಸರ ಇತ್ತು. ಮೈತುಂಬ ಸೆರಗು ಹೊದ್ದು, ತಲೆಗೆ ಎಣ್ಣೆ ಹಾಕಿ, ಸರ ಹೊರಗೆ ಕಾಣುವ ಹಾಗೆ ಇಟ್ಟುಕೊಂಡು ಬಂದಿದ್ದರು.

“ಇದ್ದದ್ದು ಒಂದೇ ಅಂದಿದ್ದಿರಿ. ಇದೇನು?” ಹಿಂದಿ ಅನುವಾದಕರು ಪ್ರಶ್ನೆಯನ್ನು ದಾಟಿಸಿದರು.

ಜಲಜಕ್ಕ ಸೆರಗನ್ನು ಸರದ ಮೇಲೆ ಎಳೆದುಕೊಂಡರು. ತೆಗೆದು ತೋರಿಸಿ ಅಂದಾಗ ಎರಡೂ ಕೈಯಿಂದ ಸರ ಮುಚ್ಚಿಕೊಂಡರು. “ಆಗುವುದಿಲ್ಲ,” ಅಂದರು. ವಕೀಲರು ಏನೋ ಬರೆದುಕೊಂಡರು. ಆ ಸದ್ದಿಲ್ಲದ ಕೋಣೆಯಲ್ಲಿ ಪೆನ್ನಿನ ಸದ್ದು ನನಗೆ ಕೇಳಿಸಿತು. ಜಲಜಕ್ಕ ತಿರುಗಿ ನೋಡಿದ್ದು ನನ್ನನ್ನು. ಬಡವರ ಮಾತು ಒಂದು ಸಲ ಸುಳ್ಳು ಅನ್ನಿಸಿಕೊಂಡರೆ ಮತ್ತೆ ನಿಜವಾಗುವುದು ಕಷ್ಟ. ಅದು ಅಲ್ಲೂ ಹಾಗೆಯೇ, ಇಲ್ಲೂ ಹಾಗೆಯೇ.

ನಡುವೆ ಬಾಯಿ ಹಾಕುವ ಅಧಿಕಾರ ನನಗಿಲ್ಲ. ಹತ್ತು ನಿಮಿಷದ ವಿರಾಮ ಕೇಳುವ ಅಧಿಕಾರ ಇದೆ, ಕೇಳಿದೆ. ಜಲಜಕ್ಕನನ್ನು ಹೊರಗಿನ ಕುರ್ಚಿಯಲ್ಲಿ ಕೂರಿಸಿ ಆಮ್ನಾರ ಕೋಣೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

“ಅವಳಿಗೆ ಒಂದು ಮಾತೂ ಹೇಳಿಕೊಡಬೇಡ,” ಅಂದರು. “ನೀನು ಏನು ಅಂದೆ ಅನ್ನುವುದು ನಿನ್ನ ಸಾಕ್ಷಿ. ಅದನ್ನು ನೀನೇ ಹೋಗಿ ಹೇಳು.”

“ಕೆಲಸ ಹೋದರೆ?”

“ಹೋದರೆ ಹೋಗುತ್ತದೆ. ಯಲ್ಲಾ, ನಡೆ.”

ಹೊರಗೆ ಬಂದಾಗ ಜಲಜಕ್ಕ ಸೆರಗಿನ ಒಳಬದಿಯಿಂದ ಒಂದು ಸೇಫ್ಟಿ ಪಿನ್ನು ತೆಗೆಯುತ್ತಿದ್ದರು. ಹೊಲಿಗೆಯವರ ಅಭ್ಯಾಸ, ಪಿನ್ನಿಗೆ ಕಪ್ಪು ನೂಲು ಸುತ್ತಿಟ್ಟಿದ್ದರು. ಅದನ್ನು ಬಿಚ್ಚಿ ಮೂರೆಳೆ ಮಾಡಿ, ಹಲ್ಲಿನಿಂದ ಕತ್ತರಿಸಿ, ಕುತ್ತಿಗೆಗೆ ಕಟ್ಟಿಕೊಂಡರು. ಊರಿನಲ್ಲಿ ಸರವನ್ನು ಅಕ್ಕಸಾಲಿಗನಿಗೆ ಕೊಡುವಾಗ ಹೆಂಗಸರು ಹೀಗೆ ನೂಲು ಕಟ್ಟಿಕೊಳ್ಳುವುದನ್ನು ನಾನು ನೋಡಿದ್ದೇನೆ. ಅರಸಿನ ಹಚ್ಚುತ್ತಾರೆ, ಅದು ಇಲ್ಲಿ ಎಲ್ಲಿಂದ? ನಾನು ಏನೂ ಕೇಳಲಿಲ್ಲ. ನೀರು ಕೊಟ್ಟೆ.

“ಈಗ ತೆಗೆಯಬಹುದು,” ಅಂದರು ಅವರು. ಆಮೇಲೆ ನನ್ನ ಕುತ್ತಿಗೆ ನೋಡಿ, “ಅಲ್ಲ ಬಾಯಮ್ಮ, ನಿಮ್ಮ ಕುತ್ತಿಗೆಯಲ್ಲೂ ಎಂತದ್ದೂ ಇಲ್ಲ ಅಲ್ವಾ?”

ನಿಜ. ಪರದೇಶದಲ್ಲಿ ಚಿನ್ನ ಯಾಕೆ ಅಂತ ನನ್ನ ಕರಿಮಣಿಯನ್ನು ಶಿರ್ವದಲ್ಲಿ ಅತ್ತೆಯ ಬಳಿ ಬಿಟ್ಟು ಬಂದವಳು ನಾನು. ಇಷ್ಟು ವರ್ಷ ಅದರ ನೆನಪೂ ಆಗಿರಲಿಲ್ಲ. ನನ್ನ ಕುತ್ತಿಗೆ ದೋಹಾದ್ದಾಗಿತ್ತು, ಬಾಯಿ ಮಾತ್ರ ಶಿರ್ವದ್ದೇ ಉಳಿದಿತ್ತು. ನಾಚಿಕೆಯಾಯಿತು.

ಒಳಗೆ ಹೋಗಿ ನಾನು ನಿಂತೇ ಮಾತಾಡಿದೆ. ಕುತ್ತಿಗೆಗೆ ಏನಾದರೂ ಹಾಕಿಕೊಳ್ಳಲು ಹೇಳಿದ್ದು ನಾನು, ಹಾಗೆ ಹೇಳುವುದು ತಪ್ಪು ಅಂತ ಗೊತ್ತಿದ್ದೂ ಹೇಳಿದೆ ಅಂದೆ. ಬಾತ್‌ರೂಮಿನ ಅಭ್ಯಾಸವೆಲ್ಲ ಕೈಕೊಟ್ಟು, ಅರಬಿಯ ಒಂದು ವಾಕ್ಯವೂ ನೆಟ್ಟಗೆ ಬರಲಿಲ್ಲ. ವಕೀಲರು ಕೊನೆಯವರೆಗೂ ಕೇಳಿಸಿಕೊಂಡು ಬರೆದುಕೊಂಡರು. ನಂತರ ಜಲಜಕ್ಕನ ಕಡೆ ತಿರುಗಿದರು.

ಜಲಜಕ್ಕ ಸರ ಬಿಚ್ಚಿ ಮೇಜಿನ ಮೇಲಿಟ್ಟರು. “ಇದು ಒನ್ ಗ್ರಾಂ ಗೋಲ್ಡ್ ಸಾಹೇಬ್ರೆ, ಮೇಲೆ ಮಾತ್ರ ಬಣ್ಣ. ಮೊನ್ನೆ ಫ್ಯಾನ್ಸಿ ಅಂಗಡಿಯಿಂದ ತಂದದ್ದು. ಗಂಡಸರ ಎದುರು ಹೇಳಲಿಕ್ಕೆ ಮರ್ಯಾದೆ ಹೋಗುತ್ತದೆ ಅಂತ ಸುಮ್ಮನಿದ್ದೆ. ನನ್ನದು ಬೇರೆ. ಅದರ ತಾಳಿಯ ಹಿಂದೆ ಎರಡು ಕುಳಿ ಉಂಟು. ಮಗಳಿಗೆ ಹಲ್ಲು ಬರುವಾಗ ಕಚ್ಚಿದ್ದು.”

ವಕೀಲರು ಲಕೋಟೆ ತೆರೆದರು. ಮೂರು ಸರಗಳನ್ನು ಸಾಲಾಗಿ ಇಟ್ಟು, ಕೈ ಮುಟ್ಟಿಸದೆ, ಪೆನ್ನಿನ ತುದಿಯಿಂದ ಒಂದೊಂದೇ ತಾಳಿಯನ್ನು ಮಗುಚಿದರು. ಮೂರನೆಯದರಲ್ಲಿ ನಿಂತರು. ಪೆನ್ನಿನಲ್ಲೇ ಎತ್ತಿ ದೀಪದ ಹತ್ತಿರ ಹಿಡಿದಾಗ ನನಗೂ ಕಂಡಿತು, ಅಕ್ಕಿಕಾಳಿನಷ್ಟು ಸಣ್ಣ ಎರಡು ಕುಳಿ. ಜಲಜಕ್ಕ ಕೈ ಚಾಚಿದರು, ಮತ್ತೆ ಹಿಂದಕ್ಕೆ ಎಳೆದುಕೊಂಡು ಅತ್ತರು. ಕರವಸ್ತ್ರ ಕೊಡಬೇಕಾದ ನಾನೂ ಅಳುತ್ತಿದ್ದೆ.

“ಆ ನೂಲು ಯಾಕೆ?” ವಕೀಲರು ಕೇಳಿದರು.

“ನನ್ನ ಗಂಡ ಇದ್ದಾರೆ,” ಅಂದರು ಜಲಜಕ್ಕ.

ಅನುವಾದ ಕೇಳಿ ವಕೀಲರು ಪೆನ್ನು ಕೆಳಗಿಟ್ಟರು. ದೇವರು ಅವರಿಗೆ ಆಯುಸ್ಸು ಕೊಡಲಿ ಅಂತ ಹೇಳಿ ಲಕೋಟೆ ಮುಚ್ಚಿದರು.

ನನ್ನ ಕೆಲಸ ಹೋಗಲಿಲ್ಲ. ಎಚ್ಚರಿಕೆಯ ಒಂದು ಪುಟ ನನ್ನ ಕಡತ ಸೇರಿತು, ಬರೆದವರು ಆಮ್ನಾ. ಅದೇ ಮಧ್ಯಾಹ್ನ ನನ್ನ ಡಬ್ಬಿಯಿಂದ ಎರಡು ಪುಂಡಿ ತೆಗೆದುಕೊಂಡವರೂ ಅವರೇ. ಪ್ರಕರಣ ಮುಗಿಯುವವರೆಗೆ ಸರ ಕಚೇರಿಯ ಬೀರುವಿನಲ್ಲಿರಬೇಕು. ಅಲ್ಲಿಯವರೆಗೆ ನೂಲೇ ಸಾಕು ಅಂತ ಜಲಜಕ್ಕ ಒನ್ ಗ್ರಾಂ ಗೋಲ್ಡನ್ನು ಅಂಗಡಿಗೆ ಹಿಂದಿರುಗಿಸಿದರು.

ಈ ರಜೆಯಲ್ಲಿ ಊರಿಗೆ ಹೋದಾಗ ಅತ್ತೆಯ ಬಳಿ ನನ್ನ ಕರಿಮಣಿ ಕೇಳಿದೆ. ಅವರು ಕಪಾಟಿನಿಂದ ಕೆಂಪು ಡಬ್ಬಿ ತೆಗೆದು, ಸರವನ್ನು ತಾವೇ ನನ್ನ ಕುತ್ತಿಗೆಗೆ ಹಾಕಿದರು. ಹೊರಡುವ ದಿನ ಡಬ್ಬಿಯನ್ನೂ ಸೂಟ್‌ಕೇಸಿಗೆ ಹಾಕಲು ಹೋದೆ.

“ಡಬ್ಬಿ ಇಲ್ಲೇ ಇರಲಿ,” ಅಂದರು ಅತ್ತೆ. “ಸರ ವಾಪಸ್ ಬರಬೇಕಲ್ಲ.”

ಬರುತ್ತದೆ ಅಂತ ಹೇಳಿ ಬಂದಿದ್ದೇನೆ. ಯಾವಾಗ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ದೋಹಾದಲ್ಲಿ ಇಳಿದ ಮರುದಿನ ಬೆಳಿಗ್ಗೆ ಸ್ವೆಟರಿನ ಒಳಗೆ ಕರಿಮಣಿ ಹಾಕಿಕೊಂಡು ಕೆಲಸಕ್ಕೆ ಹೋದೆ. ಏಸಿಗೆ ಅದು ತಣ್ಣಗಾಗಿ ಕುತ್ತಿಗೆಗೆ ತಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬೆಚ್ಚಗಾಯಿತು.