ಎಲೆಗೆ ಅಡ್ಡ ಹಿಡಿದ ಕೈ

ಅಮೀರ್‌ಪೇಟೆಯ ಲೇಡೀಸ್ ಹಾಸ್ಟೆಲಿನಲ್ಲಿ ನನ್ನ ಜೊತೆ ರೂಮಿನಲ್ಲಿದ್ದವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಒಮ್ಮೆ ಅವಳು ನಾಲ್ಕು ದಿನ ಎಲ್ಲಿಗೋ ಹೋಗಿದ್ದಳು. ಎಲ್ಲಿಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸಾಫ್ಟ್‌ವೇರ್ ಕೆಲಸಕ್ಕೆಂದು ಊರೂರಿನವರು ಹೈದರಾಬಾದಿಗೆ ಬಂದು ತುಂಬಿಕೊಳ್ಳುತ್ತಿದ್ದ ಕಾಲ ಅದು. ಅಕ್ಕನಿಗೆ ಕೆಲಸವಿತ್ತು, ನಾನು ಇನ್ನೂ ಹುಡುಕುತ್ತಿದ್ದೆ. ಅವಳ ಮದುವೆ ಗೊತ್ತಾಗಿತ್ತು, ದಿನಾಂಕ ಇಡುವುದೊಂದೇ ಬಾಕಿ.

ಎರಡನೆಯ ದಿನವೂ ಅವಳ ಮೊಬೈಲ್ ಬಂದ್ ಆಗಿದ್ದಾಗ ಹೆದರಿ ನಾನೇ ಎಡವಟ್ಟು ಮಾಡಿದೆ. ಇಲ್ಲಿನ ಕನ್ನಡಿಗರದೊಂದು ಇಮೇಲ್ ಗುಂಪಿತ್ತು. ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ, ಹಬ್ಬಕ್ಕೆ ಬಸ್ ಟಿಕೆಟ್ ಇದೆಯೇ, ಇಂಥವೇ ಅದರಲ್ಲಿ ವಿಷಯ. ‘ಅಕ್ಕ ರೂಮಿಗೆ ಬಂದಿಲ್ಲ, ಯಾರಾದರೂ ನೋಡಿದ್ದೀರಾ?’ ಎಂದು ಅದಕ್ಕೆ ಬರೆದೆ.

ಒಬ್ಬರು ಅವಳನ್ನು ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಕಂಡಿದ್ದರು. ಇನ್ನೊಬ್ಬರು ಅವಳ ಪಕ್ಕದಲ್ಲಿ ಒಬ್ಬ ಗಂಡಸನ್ನು ನಿಲ್ಲಿಸಿದರು. ಮೂರನೆಯವರು ಅವನಿಗೆ ಕನ್ನಡಕ ಹಾಕಿದರು. ಸಂಜೆಯಾಗುವಷ್ಟರಲ್ಲಿ ಇಬ್ಬರಿಗೂ ರಿಜಿಸ್ಟರ್ ಮದುವೆಯೂ ಆಗಿಹೋಗಿತ್ತು! ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ‘ಅವಳ ಇಳಕಲ್ ಸೀರೆಯೂ ಕಪಾಟಿನಲ್ಲಿಲ್ಲ’ ಎಂದು ಬರೆದುಬಿಟ್ಟೆ. ಅವರಿಗೆ ಅಷ್ಟೇ ಬೇಕಿತ್ತು. ಆ ಗುಂಪಿನಲ್ಲಿ ಅಕ್ಕನನ್ನು ಮದುವೆಯಾಗಲಿದ್ದ ಹುಡುಗನ ಸೋದರಮಾವನೂ ಇದ್ದಾರೆಂದು ನನಗೆ ತಿಳಿದದ್ದು ಆಮೇಲೆ.

ಐದನೆಯ ದಿನ ಬೆಳಿಗ್ಗೆ ಅಕ್ಕ ಬಂದಳು. ‘ಚಹಾ ಆತೇನ?’ ಎಂದು ಕೇಳಿದಳು. ನಾನು ಅಳುತ್ತಾ ಎಲ್ಲ ಹೇಳಿದೆ. ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಅಷ್ಟೂ ಮೇಲ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ನನ್ನ ಸೀರೆಯ ಸಾಲಿಗೆ ಬಂದಾಗ ಸ್ವಲ್ಪ ತಡೆದಳು.

‘ಭಾನುವಾರ ಊಟಕ್ಕ ಹೋಗೂಣು,’ ಎಂದಳು. ಅಷ್ಟೇ.

ಗುಂಪಿನವರು ತಿಂಗಳಿಗೊಮ್ಮೆ ಮಲ್ಕಾಜ್‌ಗಿರಿಯಲ್ಲಿ ರೈಲ್ವೆ ನೌಕರರೊಬ್ಬರ ಮನೆಯ ತಾರಸಿಯಲ್ಲಿ ಸೇರಿ ಊಟ ಮಾಡುತ್ತಿದ್ದರು. ಅಕ್ಕ ಅದೇ ಇಳಕಲ್ ಸೀರೆ ಉಟ್ಟು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅನ್ನದ ಪಾತ್ರೆ ಎತ್ತಿಕೊಂಡು ತಾನೇ ಬಡಿಸಲು ನಿಂತಳು. ಬರೆದವರೆಲ್ಲ ಸಾಲಾಗಿ ಕೂತಿದ್ದರು. ‘ಅಣ್ಣಾರ, ಇನ್ನೊಂದೀಟು?’ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಕನ್ನಡಕ ಹಾಕಿಸಿದ ಮಹಾನುಭಾವರು ತಲೆಯನ್ನೇ ಎತ್ತಲಿಲ್ಲ.

ಸೋದರಮಾವ ಎಲೆಗೆ ಕೈ ಅಡ್ಡ ಹಿಡಿದರು. ಸಾಕು ಎನ್ನಲು ಎಲ್ಲರೂ ಹಾಗೆ ಹಿಡಿಯುತ್ತಾರೆ. ಆದರೆ ಅವರ ಎಲೆಗೆ ಇನ್ನೂ ಒಂದು ಅಗುಳೂ ಬಿದ್ದಿರಲಿಲ್ಲ. ಅವಳ ಕೈಯ ಅನ್ನ ಬೇಡವೆಂದರೆ ಸಂಬಂಧವೇ ಬೇಡವೆಂದಂತೆ. ತಾರಸಿಯಲ್ಲಿದ್ದ ಎಲ್ಲರಿಗೂ ಅದು ಅರ್ಥವಾಯಿತು.

‘ನಾಕು ದಿನ ಎಲ್ಲಿ ಹೋಗಿದ್ದೆವ್ವಾ?’

‘ನನ್ನ ಕೆಲಸಿತ್ತರಿ ಮಾಮಾ. ಹೋಗಿ ಬಂದೆ. ಅದಕ್ಕಿಂತ ಹೆಚ್ಚಿಗಿ ಹೇಳಂಗಿಲ್ಲ. ಅನ್ನ ಹಾಕ್ಲ್ಯಾ?’

ನಾನಾಗಿದ್ದರೆ ಇಪ್ಪತ್ತು ನೆಪ ಹೇಳಿ, ಮೂವತ್ತು ಆಣೆ ಇಟ್ಟು ಅಳುತ್ತಿದ್ದೆ. ಅವಳು ಬಗ್ಗಿ, ಸೌಟು ಹಿಡಿದು ಕಾದಳು. ಮನುಷ್ಯರಿಗೆ ಇಷ್ಟು ಧೈರ್ಯ ಇರಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಬೆರಗು ಇನ್ನೂ ನನ್ನನ್ನು ಬಿಟ್ಟಿಲ್ಲ.

ಅವರು ಅವಳ ಮುಖ ನೋಡಿದರು, ಆಮೇಲೆ ತಲೆ ತಗ್ಗಿಸಿದ್ದ ಇಡೀ ಸಾಲನ್ನು ನೋಡಿದರು. ಕೈ ತೆಗೆದರು.

‘ಹಾಕವ್ವಾ. ಜಾಸ್ತೀನಽ ಹಾಕು.’

ಆ ವಾರವೇ ಮದುವೆಯ ದಿನಾಂಕ ಇಟ್ಟರು.

ಅವತ್ತು ಸಾಲಿನ ಕೊನೆಯಲ್ಲಿ ನಾನಿದ್ದೆ. ಸೀರೆಯ ಅಂಚು ನನ್ನ ಎದುರು ಬಂದು ನಿಂತಾಗ ನಾಚಿಕೆಯಿಂದ ನಾನೂ ಎಲೆಗೆ ಕೈ ಅಡ್ಡ ಹಿಡಿದೆ.

‘ಕೈ ತಗೀ,’ ಎಂದಳು ಅಕ್ಕ. ‘ಇವರೆಲ್ಲಾ ಬರದ್ರು. ಹುಡುಕಿದಾಕಿ ನೀ ಒಬ್ಬಾಕಿನಽ.’

ನಾನೂ ಬರೆದಿದ್ದೆ. ಅದು ಅವಳಿಗೆ ಗೊತ್ತಿತ್ತು. ನಾನು ಕೈ ತೆಗೆದೆ.